ನಿಮಗಿದು ಗೊತ್ತೆ? ಭಕ್ತರ ಪರವಾಗಿ ಪ್ರಾರ್ಥಿಸುತ್ತಿದ್ದ ಪ್ರತಿಮೆಗಳು

ಪ್ರಾಚೀನ ಸುಮೇರಿಯನ್ನರ ಗುಡಿಗಳಲ್ಲಿ ಭಕ್ತರ ಪ್ರತಿಮೆಗಳೂ ಇರುತ್ತಿದ್ದವು! ಸದಾ ದೇವರೆದುರು ನಿಲ್ಲಲಾಗದ ಭಕ್ತರು, ತಮ್ಮ ಪರವಾಗಿ ಪ್ರಾರ್ಥಿಸಲೆಂದು ಇವನ್ನು ಮಾಡಿಸಿ ಒಪ್ಪಿಸುತ್ತಿದ್ದರು.

1930ರ ದಶಕದಲ್ಲಿ ಇರಾಕಿನ ಟೆಲ್ ಅಸ್ಮರ್‌ನಲ್ಲಿ ಪುರಾತತ್ವಜ್ಞ ಹೆನ್ರಿ ಫ್ರಾಂಕ್‌ಫರ್ಟ್ ತಂಡ ಉತ್ಖನನ ನಡೆಸಿದಾಗ, ಗುಡಿಯೊಂದರ ನೆಲದಡಿ ಇಂಥ 12 ಪ್ರತಿಮೆಗಳು ಒಟ್ಟಿಗೇ ಸಿಕ್ಕವು. ಅವುಗಳ ವಯಸ್ಸು 4,500 ವರ್ಷಗಳಿಗೂ ಹೆಚ್ಚು. ಎಲ್ಲಕ್ಕಿಂತ ದೊಡ್ಡದರ ಎತ್ತರ ಸುಮಾರು 72 ಸೆಂಟಿಮೀಟರ್. ಎದೆಯ ಮುಂದೆ ಜೋಡಿಸಿದ ಕೈಗಳು. ಬಿಳಿ ಚಿಪ್ಪು, ಕಪ್ಪು ಕಲ್ಲು ಕೂರಿಸಿದ ಬಟ್ಟಲುಗಣ್ಣುಗಳು. ದೇವರ ಮೇಲಿಂದ ನೋಟ ಕದಲಿಸದ ಭಕ್ತಿ ಆ ಕಣ್ಣುಗಳಲ್ಲಿದೆ.

ಇಂಥ ಪ್ರತಿಮೆಗಳು ಪ್ರಾರ್ಥಿಸುತ್ತಿದ್ದ ದೇವರು ಎಲ್ಲೆಡೆ ಒಬ್ಬರೇ ಅಲ್ಲ; ಸುಮೇರಿಯನ್ನರ ಪ್ರತಿ ನಗರಕ್ಕೂ ಅದರದೇ ಅಧಿದೇವತೆ. ಉರ್‌ಗೆ ಚಂದ್ರದೇವ ನನ್ನಾ, ನಿಪ್ಪುರ್‌ಗೆ ಎನ್ಲಿಲ್, ಉರುಕ್‌ಗೆ ದೇವಿ ಇನಾನ್ನಾ. ಗುಡಿಯೇ ಇವರ ಮನೆ. ಆದ್ದರಿಂದ ಅರ್ಚಕರು ಮೂರ್ತಿಗೆ ಉಡುಗೆ ತೊಡಿಸಿ, ನಿತ್ಯವೂ ರೊಟ್ಟಿ, ಮಾಂಸ, ಬಿಯರ್ ನೈವೇದ್ಯ ಮಾಡುತ್ತಿದ್ದರು.