ಕಡತಗಳಿಗೊಂದು ಶೋಧಕ

ಕ್ಯಾಮೆರಾದ ಮಸೂರದ ಮುಂದೆ ಕೆಂಪು ಗಾಜನ್ನಿಟ್ಟರೆ ಬಹುಮಟ್ಟಿಗೆ ಕೆಂಪು ಬೆಳಕು ಮಾತ್ರ ಒಳಹೋಗುತ್ತದೆ. ಉಳಿದ ಬಣ್ಣಗಳನ್ನು ಗಾಜು ಹೀರಿಕೊಳ್ಳುತ್ತದೆ. ಇದಕ್ಕಾಗಿ ಕ್ಯಾಮೆರಾವನ್ನು ಬಿಚ್ಚಬೇಕಾಗಿಲ್ಲ. ಗಾಜನ್ನು ಕೂಡಿಸಲು ಮುಂಭಾಗದಲ್ಲಿ ಒಂದು ಬಳೆಯಿದ್ದರೆ ಸಾಕು. ಜಾಲತಾಣಗಳನ್ನು ನಡೆಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿಯೂ ಇಂತಹ ಏರ್ಪಾಡುಂಟು. ಅದಕ್ಕೆ ‘ಫಿಲ್ಟರ್ ಹುಕ್’, ಎಂದರೆ ಶೋಧಕ ಕೊಕ್ಕೆ, ಎಂದು ಹೆಸರು.

ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಎಂಬವರು 2003ರ ಮೇ ತಿಂಗಳಿನಲ್ಲಿ ವರ್ಡ್‌ಪ್ರೆಸ್ಸನ್ನು ಹೊರತಂದರು. ಪಿಎಚ್‌ಪಿ ಭಾಷೆಯಲ್ಲಿರುವ ಅದರ ಮೂಲವನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ಹೊಸ ಆವೃತ್ತಿಯನ್ನು ಅಳವಡಿಸಿದೊಡನೆ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಆದುದರಿಂದ ಮೂಲವನ್ನು ಮುಟ್ಟದೆ, ನಮ್ಮ ನಿಯಮವನ್ನು ಬೇರೆಯಾಗಿ ಬರೆದು ಕೊಕ್ಕೆಗೆ ತಗುಲಿಹಾಕುವುದೇ ಸರಿಯಾದ ಕ್ರಮ.

ಇದರ ಅವಶ್ಯಕತೆಯೇನು? ಕಾಲೇಜೊಂದರ ಜಾಲತಾಣಕ್ಕೆ ವಿದ್ಯಾರ್ಥಿಗಳು ಚಿತ್ರಗಳನ್ನು ಏರಿಸುತ್ತಾರೆಂದು ಭಾವಿಸೋಣ. ಚಿತ್ರದ ಬದಲು ಪಿಎಚ್‌ಪಿ ಪ್ರೋಗ್ರಾಂ ಒಂದು ಒಳಸೇರಿ, ಸರ್ವರ್ ಅದನ್ನು ನಡೆಸಿಬಿಟ್ಟರೆ, ಮನೆಯ ಬೀಗದ ಕೈಯನ್ನು ಅಪರಿಚಿತನಿಗೆ ಒಪ್ಪಿಸಿದಂತೆಯೇ ಸರಿ. ತಾಣದಲ್ಲಿರುವ ವಿದ್ಯಾರ್ಥಿಗಳ ವಿವರಗಳೆಲ್ಲ ಅವನ ವಶವಾಗಬಹುದು.

ಆದುದರಿಂದಲೇ ವರ್ಡ್‌ಪ್ರೆಸ್ ತಾನು ಒಪ್ಪುವ ಕಡತಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ‘ಅಪ್‌ಲೋಡ್ ಮೈಮ್ಸ್’ ಎಂಬ ಕೊಕ್ಕೆ ಈ ಪಟ್ಟಿಯನ್ನು ನಮ್ಮ ಕೈಗೆ ಕೊಡುತ್ತದೆ. ಜೆಪೆಗ್ ಮತ್ತು ಪಿಎನ್‌ಜಿಗಳನ್ನು ಉಳಿಸಿ ಮಿಕ್ಕವನ್ನು ನಾವು ತೆಗೆದುಹಾಕಬಹುದು. ಎಸ್‌ವಿಜಿ ಎಂಬುದು ಚಿತ್ರವೇ ಆದರೂ ಮೂಲ ಪಟ್ಟಿಯಲ್ಲಿಲ್ಲ. ಏಕೆಂದರೆ ಅದು ಬರಹದ ರೂಪದ ಕಡತ, ಬ್ರೌಸರ್ ನಡೆಸಬಲ್ಲ ಪ್ರೋಗ್ರಾಂ ಅದರೊಳಗೆ ಅಡಗಿರಬಹುದು.

ಇನ್ನೊಂದು ಕೊಕ್ಕೆ ‘ಡಬ್ಲ್ಯುಪಿ ಹ್ಯಾಂಡಲ್ ಅಪ್‌ಲೋಡ್ ಪ್ರಿಫಿಲ್ಟರ್’. ಕಡತ ಸರ್ವರಿನ ತಾತ್ಕಾಲಿಕ ಸ್ಥಳಕ್ಕೆ ಬಂದ ಮೇಲೆ, ಶಾಶ್ವತ ಸ್ಥಾನವನ್ನು ಸೇರುವ ಮುನ್ನ ಇದು ಕೆಲಸಮಾಡುತ್ತದೆ. ಕಡತದ ಹೆಸರು, ಬಗೆ, ಗಾತ್ರಗಳು ಇಲ್ಲಿ ನಮಗೆ ದೊರೆಯುತ್ತವೆ. ಗಾತ್ರ 500 ಕಿಲೋಬೈಟ್, ಎಂದರೆ 5,12,000 ಬೈಟುಗಳನ್ನು ಮೀರಿದರೆ, ದೋಷದ ಅಂಕಣದಲ್ಲಿ ಒಂದು ವಾಕ್ಯವನ್ನು ಬರೆದರಾಯಿತು: ಕಡತ ಅಲ್ಲಿಯೇ ನಿಲ್ಲುತ್ತದೆ, ಕಳುಹಿಸಿದವರಿಗೆ ಆ ವಾಕ್ಯವೇ ಉತ್ತರವಾಗುತ್ತದೆ.

ಹೆಸರನ್ನು ಯಾರು ಬೇಕಾದರೂ ಬದಲಿಸಬಹುದಲ್ಲವೆ ಎಂದು ವಾಚಕರು ಕೇಳಬಹುದು. ನಿಜ. ಆದರೆ ಜೆಪೆಗ್ ಕಡತದ ಮೊದಲ ಮೂರು ಬೈಟುಗಳು 255, 216, 255 ಆಗಿರುತ್ತವೆ; ಪಿಎನ್‌ಜಿಯ ಮೊದಲ ನಾಲ್ಕು 137, 80, 78, 71. ವರ್ಡ್‌ಪ್ರೆಸ್ ಚಿತ್ರಗಳ ಈ ಗುರುತನ್ನೂ ನೋಡುತ್ತದೆ. ಈ ಗುರುತನ್ನು ಸಹ ನಕಲು ಮಾಡಲು ಸಾಧ್ಯವಿರುವುದರಿಂದ ಒಂದೇ ಕಾವಲನ್ನು ನಂಬಿ ಕೂರಬಾರದು.

ಕೆಂಪು ಗಾಜಿನ ಹೋಲಿಕೆ ಒಂದೆಡೆ ಸಾಲದೆಹೋಗುತ್ತದೆ. ಗಾಜನ್ನು ಹಾದ ಬೆಳಕು ತಾನಾಗಿಯೇ ಮುಂದುವರಿಯುತ್ತದೆ. ಕೊಕ್ಕೆಗೆ ತಗುಲಿಸಿದ ನಿಯಮವಾದರೋ ತಾನು ಪಡೆದುದನ್ನು, ತಿದ್ದಿಯೋ ತಿದ್ದದೆಯೋ, ಹಿಂದಿರುಗಿಸಲೇಬೇಕು. ಆ ಒಂದು ಸಾಲನ್ನು ಬಿಟ್ಟರೆ ಮುಂದಿನ ಹಂತಕ್ಕೆ ಏನೂ ದೊರೆಯದೆ, ನಿರ್ದೋಷಿಯಾದ ಚಿತ್ರವೂ ಒಳಸೇರದು. ಆದುದರಿಂದ ನಿಯಮವನ್ನು ಬರೆದ ಮೇಲೆ ಎರಡು ಪರೀಕ್ಷೆಗಳನ್ನು ಮಾಡಬೇಕು: ಬರಬಾರದ ಕಡತ ಹೊರಗೆ ನಿಂತಿತೆ? ಬರಬೇಕಾದ ಕಡತ ಒಳಗೆ ಬಂದಿತೆ? ಮೊದಲನೆಯದನ್ನು ಮಾತ್ರ ನೋಡಿ ತೃಪ್ತರಾದರೆ ಪರೀಕ್ಷೆ ಅರ್ಧವಷ್ಟೇ ಮುಗಿದಂತೆ.