ಗಡಿಯ ಬೆಳಕು, ಗೌರಿಬಿದನೂರಿನ ತಂತಿ

ಲಡಾಖ್ ಗಡಿ ಕಾಯುತ್ತಿದ್ದ ನಮ್ಮ ಯೋಧರು 2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಗುರುತು ಸಿಗದ ಬೆಳಕುಗಳನ್ನು 329 ಸಲ ಕಂಡದ್ದಾಗಿ ದಾಖಲಿಸಿದರು. ಒಂದು ಸಂಜೆ ಆರರ ಸುಮಾರಿಗೆ ಮೇಲೇಳುತ್ತಿತ್ತು, ಇನ್ನೊಂದು ಬೆಳಗಿನ ಜಾವ ನಾಲ್ಕಕ್ಕೆ. ಚೀನಾದ ಡ್ರೋನ್ ಇರಬೇಕೆಂಬ ಗುಮಾನಿ. ಕಡೆಗೆ ಸೇನೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮೊರೆ ಹೋಯಿತು. ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ ಸರಳ: ಈ ಬೆಳಕು ನಕ್ಷತ್ರಗಳ ಜೊತೆಗೇ ಸಾಗುತ್ತದೆಯೋ, ಅಡ್ಡಾದಿಡ್ಡಿ ಹೋಗುತ್ತದೆಯೋ? ಜೊತೆಗೇ ಸಾಗುತ್ತಿತ್ತು. ಸಂಜೆಯದು ಗುರು, ಜಾವದ್ದು ಶುಕ್ರ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಗ್ರಹಗಳು ಇನ್ನಷ್ಟು ಪ್ರಖರವಾಗಿ ಕಾಣುತ್ತವೆ.

ಗುರುತಿಲ್ಲದ್ದಕ್ಕೆ ಗುರುತು ಹಚ್ಚುವ ಈ ಕೆಲಸ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೊಸದಲ್ಲ. ಅದೇ ಖಭೌತ ಸಂಸ್ಥೆ ರಾಮನ್ ಸಂಶೋಧನಾ ಸಂಸ್ಥೆಯ ಜೊತೆಗೂಡಿ 1976ರಿಂದ ಗೌರಿಬಿದನೂರಿನಲ್ಲಿ ರೇಡಿಯೊ ದೂರದರ್ಶಕ ನಡೆಸಿತು. ದೂರದರ್ಶಕ ಎಂದರೆ ಗುಮ್ಮಟ, ಗಾಜು ಹುಡುಕಿಕೊಂಡು ಹೋದವರಿಗೆ ನಿರಾಸೆಯೇ. ಬಯಲಲ್ಲಿ ಸಾಲಾಗಿ ಕಂಬ, ತಂತಿ. ಬಟ್ಟೆ ಒಣಹಾಕಲು ಕಟ್ಟಿದಂತೆ. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಒಂದು ಸಾವಿರ ಆಂಟೆನಾ, ಪೂರ್ವ–ಪಶ್ಚಿಮದ ತೋಳೇ ಸುಮಾರು 1.4 ಕಿಲೋಮೀಟರ್. ಅದು ಆಲಿಸುತ್ತಿದ್ದುದು 34.5 ಮೆಗಾಹರ್ಟ್ಸ್‌ನಲ್ಲಿ. ಸೈನಿಕರ ನಿದ್ದೆಗೆಡಿಸಿದ ಗುರುಗ್ರಹ ಆಗಾಗ ಸಿಡಿಸುವ ರೇಡಿಯೊ ಸದ್ದು ಬರುವುದೂ 40 ಮೆಗಾಹರ್ಟ್ಸ್‌ಗಿಂತ ಕೆಳಗಿನ ಈ ಪಟ್ಟಿಯಲ್ಲೇ. ಸೂರ್ಯನಿಗೆಂದೇ 1997ರಲ್ಲಿ ಮತ್ತೊಂದು ಆಂಟೆನಾ ಸಾಲು ಶುರುವಾಯಿತು.

ಈ ದೂರದರ್ಶಕಕ್ಕೂ ಮೊದಲು, 1965ರಲ್ಲಿ, ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದಲ್ಲಿ ಇಲ್ಲಿ ಭೂಕಂಪನ ಮಾಪಕಗಳ ಜಾಲ ಬಂದಿತ್ತು. ಇದೇ ಮಾದರಿಯ ಜಾಲಗಳು ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಇದ್ದವು. ನೆಲ ನಡುಗಿದ್ದು ತಾನಾಗಿಯೋ, ಯಾರೋ ಬಾಂಬ್ ಸಿಡಿಸಿದ್ದಕ್ಕೋ ಎಂದು ತಿಳಿಯುವುದು ಉದ್ದೇಶ. ಚೀನಾ ತನ್ನ ಲೋಪ್ ನೂರ್ ಮರುಭೂಮಿಯಲ್ಲಿ ಅಣುಬಾಂಬ್ ಪರೀಕ್ಷಿಸಿದ್ದು ಅದರ ಹಿಂದಿನ ವರ್ಷವಷ್ಟೇ. ಒಂದೇ ಮಾಪಕವಾದರೆ ಪಕ್ಕದ ರಸ್ತೆಯ ಲಾರಿಯೂ ಭೂಕಂಪವೇ. ಇಪ್ಪತ್ತು ಮಾಪಕಗಳನ್ನು ಕಿಲೋಮೀಟರುಗಟ್ಟಲೆ ಹರಡಿದರೆ ಅಲೆ ಯಾವುದಕ್ಕೆ ಮೊದಲು ಮುಟ್ಟಿತು, ಯಾವುದಕ್ಕೆ ಆಮೇಲೆ ಎಂಬುದರಿಂದ ದಿಕ್ಕು ಸಿಗುತ್ತದೆ. ಹಾರುವ ತಟ್ಟೆ ಕಂಡೆವೆನ್ನುವವರಿಗೆ ನಾನು ಕೇಳುವುದೂ ಇಷ್ಟನ್ನೇ: ಎಷ್ಟು ಗಂಟೆಗೆ, ಯಾವ ದಿಕ್ಕಿಗೆ, ಪಕ್ಕದೂರಿನವರಿಗೂ ಕಂಡಿತೇ? ಮೂರಕ್ಕೂ ಉತ್ತರ ಇದ್ದ ಕಡೆ ಗುಟ್ಟು ಬಹಳ ದಿನ ಬಾಳುವುದಿಲ್ಲ.

ಚೀನೀಯರಿಗೂ ಇದೇ ಪಾಠವಾಯಿತು. ಅವರ 500 ಮೀಟರ್ ಅಗಲದ 'ಫಾಸ್ಟ್' ದೂರದರ್ಶಕ ಅನುಮಾನಾಸ್ಪದ ಸಂಕೇತ ಹಿಡಿದಿದೆ, ಅನ್ಯಗ್ರಹದವರದ್ದಿರಬಹುದು ಎಂದು 2022ರ ಜೂನ್‌ನಲ್ಲಿ ಅಲ್ಲಿನ ಸರ್ಕಾರಿ ಪತ್ರಿಕೆಯೊಂದು ಬರೆದು, ಹಿಂದೆಯೇ ಅಳಿಸಿಹಾಕಿತು. ಆ ಸಂಕೇತಗಳ ಹುಡುಕಾಟದಲ್ಲಿ ಜೊತೆಗಿದ್ದ ಅಮೆರಿಕದ ಬರ್ಕ್ಲಿಯ ವಿಜ್ಞಾನಿ ಡಾನ್ ವರ್ತಿಮರ್, ಅದು ಭೂಮಿಯ ಮೇಲಿನ ನಮ್ಮದೇ ಗದ್ದಲ ಎಂದರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯ ಇದ್ದಿದ್ದರೆ ಖುಷಿಪಡುತ್ತಿದ್ದರು. ಭೌತವಿಜ್ಞಾನದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ಕಟ್ಟಿದವರು. ಕಾಕತಾಳೀಯ ನೋಡಿ, ಗೌರಿಬಿದನೂರಿನ ದೂರದರ್ಶಕ ಶುರುವಾದದ್ದೂ ಅದೇ ವರ್ಷ.

ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ 2025ರ ಜನವರಿಯಲ್ಲಿ ಮನೆಯೊಂದರ ಮೇಲೆ ದೊಡ್ಡ ಬಲೂನು, ಕೆಂಪು ದೀಪದ ಯಂತ್ರ ಬಂದು ಬಿದ್ದಾಗ ಊರು ಗಾಬರಿಯಾಯಿತು. ಅದರ ಜೊತೆಗೇ ಕನ್ನಡದಲ್ಲಿ ಬರೆದ ಪತ್ರವಿತ್ತು: ಹೈದರಾಬಾದಿನ ಟಿಐಎಫ್ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಹಾರಿಬಿಟ್ಟ ಸಂಶೋಧನಾ ಬಲೂನು. ಎಲ್ಲ ವಿಚಿತ್ರಗಳೂ ಹೀಗೆ ಚೀಟಿ ಹಿಡಿದು ಬಂದರೆ ಎಷ್ಟು ಚೆನ್ನ!

ನಸುಕಿನಲ್ಲಿ ಗೂಡು ತುಂಬಿಕೊಂಡು ಶಿಡ್ಲಘಟ್ಟದ ರೇಷ್ಮೆ ಮಾರುಕಟ್ಟೆಗೆ ಹೊರಟವರಿಗೆ, ಚಿಂತಾಮಣಿಯಲ್ಲಿ ಮಾಳಿಗೆ ಮೇಲೆ ಮಲಗಿದವರಿಗೆ ಈಗ ಕಾಣಬಹುದಾದ ವಿಚಿತ್ರವೆಂದರೆ ಸ್ಟಾರ್‌ಲಿಂಕ್ ಉಪಗ್ರಹಗಳು: ಒಂದರ ಹಿಂದೊಂದು ಚುಕ್ಕೆಗಳ ರೈಲು. ಉಡಾವಣೆಯಾದ ಕೆಲವು ದಿನ, ಕೆಳಗೆ ಕತ್ತಲಿದ್ದು ಮೇಲೆ ಬಿಸಿಲಿರುವ ಹೊತ್ತಿನಲ್ಲಿ ಇವು ಹೊಳೆಯುತ್ತವೆ. ನೋಡುವವರಿಗೆ ಗುಟ್ಟು ಬಿಟ್ಟುಕೊಟ್ಟರೂ ಆಲಿಸುವವರಿಗೆ ಇವು ಹೊಸ ಕಾಟ. ಸ್ಟಾರ್‌ಲಿಂಕ್ ಉಪಗ್ರಹಗಳ ಒಳಗಿನ ವಿದ್ಯುನ್ಮಾನ ಉಪಕರಣಗಳಿಂದ 110ರಿಂದ 188 ಮೆಗಾಹರ್ಟ್ಸ್ ನಡುವೆ ರೇಡಿಯೊ ಅಲೆ ಸೋರುತ್ತಿದೆ ಎಂದು ಯುರೋಪಿನ 'ಲೋಫಾರ್' ದೂರದರ್ಶಕದಿಂದ 2023ರಲ್ಲಿ ಪತ್ತೆಯಾಯಿತು. ಗೌರಿಬಿದನೂರಿನ ಸೌರ ಆಂಟೆನಾ ಸಾಲು ಕಟ್ಟಿದ್ದು 40ರಿಂದ 150 ಮೆಗಾಹರ್ಟ್ಸ್‌ಗೆ.