ನೀವು ಮನುಷ್ಯರೇ ಎಂದು ಕೇಳುವ ಪೆಟ್ಟಿಗೆ

ಕೊಳ್ಳೇಗಾಲದ ಪಕ್ಕದ ಮಧುವನಹಳ್ಳಿಯಲ್ಲಿ ಕೂತು ಒಬ್ಬ ಹುಡುಗಿ ತನ್ನೂರಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ನಾಲ್ಕು ಸಾಲು ಬರೆಯಬೇಕೆಂದುಕೊಂಡಳು ಎನ್ನಿ. ಖಾತೆ ತೆರೆಯುವ ಪುಟ ಕನ್ನಡದಲ್ಲೇ ಇದೆ. ಅದರ ಮಧ್ಯೆ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸೊಟ್ಟಪಟ್ಟ ಅಕ್ಷರಗಳು. ಆ ವಿಶ್ವಕೋಶ 2003ರಿಂದ ಕನ್ನಡದಲ್ಲಿದ್ದರೂ ಬಹುಕಾಲ ಈ ಪೆಟ್ಟಿಗೆಯಲ್ಲಿ ಬರುತ್ತಿದ್ದದ್ದು ಇಂಗ್ಲಿಷ್ ಪದಗಳೇ. ಕನ್ನಡದಲ್ಲಿ ಬರೆಯಲು ಹೊರಟವಳು ಮೊದಲು ಇಂಗ್ಲಿಷ್ ಅಕ್ಷರ ಗುರುತಿಸಿ ತಾನು ಯಂತ್ರವಲ್ಲವೆಂದು ತೋರಿಸಬೇಕಿತ್ತು. ಇದು ಅನ್ಯಾಯ. ಆದರೆ ಈ ಪೆಟ್ಟಿಗೆ ಹುಟ್ಟಿದ್ದು ಯಾರನ್ನೂ ಹೊರಗಿಡುವ ದುರುದ್ದೇಶದಿಂದಲ್ಲ.

ಯಂತ್ರವೊಂದು ಮಾತಿನಲ್ಲೇ ತಾನು ಮನುಷ್ಯನೆಂದು ನಂಬಿಸಬಲ್ಲದೇ ಎಂದು ಅಲನ್ ಟ್ಯೂರಿಂಗ್ 1950ರಲ್ಲಿ ಕೇಳಿದ್ದ. ಅವನ ಪರೀಕ್ಷೆಯಲ್ಲಿ ತೀರ್ಪು ಕೊಡುವವನು ಮನುಷ್ಯ. ಅಂತರ್ಜಾಲ ಬಂದ ಮೇಲೆ ಅದು ತಿರುವುಮುರುವಾಯಿತು: ಎದುರಿಗಿರುವವರು ಮನುಷ್ಯರೋ ಅಲ್ಲವೋ ಎಂದು ಯಂತ್ರವೇ ತೀರ್ಮಾನಿಸಬೇಕಾಯಿತು. 1997ರಲ್ಲಿ ಆಲ್ಟಾವಿಸ್ಟಾ ಎಂಬ ಹುಡುಕುತಾಣಕ್ಕೆ ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳು, ರಾಶಿಗಟ್ಟಲೆ ಜಾಲತಾಣಗಳ ವಿಳಾಸ ತುಂಬುತ್ತಿದ್ದವು. ಅಲ್ಲಿನ ಆಂಡ್ರೇ ಬ್ರೋಡರ್ ಮತ್ತು ಸಂಗಡಿಗರು ಸ್ಕ್ಯಾನರ್ ಒಂದರ ಕೈಪಿಡಿ ತೆಗೆದರು. ಅಕ್ಷರಗಳನ್ನು ಯಂತ್ರ ಸರಿಯಾಗಿ ಓದಬೇಕಾದರೆ ಏನೇನು ಮಾಡಬಾರದು ಎಂದು ಅದರಲ್ಲಿತ್ತು. ಅದನ್ನೆಲ್ಲ ಅವರು ಬೇಕೆಂದೇ ಮಾಡಿದರು. ಅಕ್ಷರ ವಾಲಿಸಿದರು, ಹಿನ್ನೆಲೆ ಕಲಕಿದರು.

2000ದಲ್ಲಿ ಯಾಹೂ ಹರಟೆಕೋಣೆಗಳ ಪಾಡು ಇನ್ನೂ ಕೆಟ್ಟಿತ್ತು. ನಾಲ್ಕು ಜನ ಮಾತಾಡುತ್ತಿರುವಾಗ ಬಾಟ್‌ಗಳು ಮನುಷ್ಯರ ಹೆಸರಿಟ್ಟುಕೊಂಡು ನುಗ್ಗಿ ಜಾಹೀರಾತು ಸುರಿಯುತ್ತಿದ್ದವು. ಯಾಹೂ ತನ್ನ ಕಷ್ಟವನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮುಂದಿಟ್ಟಿತು. ಮ್ಯಾನುಯೆಲ್ ಬ್ಲಮ್ ಮತ್ತು ಅವರ ವಿದ್ಯಾರ್ಥಿ, ಗ್ವಾಟೆಮಾಲಾದಿಂದ ಬಂದಿದ್ದ ಲೂಯಿಸ್ ಫಾನ್ ಆನ್, ಜೊತೆಯವರೊಂದಿಗೆ ಸೇರಿ ಈ ಪರೀಕ್ಷೆಗೊಂದು ಶಾಸ್ತ್ರ ಕಟ್ಟಿದರು, ಕ್ಯಾಪ್ಚಾ ಎಂದು ಹೆಸರಿಟ್ಟರು.

ಜಗತ್ತಿನಾದ್ಯಂತ ಜನ ಈ ಪೆಟ್ಟಿಗೆಯ ಮುಂದೆ ಕಳೆಯುವ ಹೊತ್ತು ದಂಡವಾಗುತ್ತಿದೆಯಲ್ಲ ಎಂಬ ಕೊರಗು ಫಾನ್ ಆನ್‌ಗೆ ಹತ್ತಿತು. 2007ರ ರೀಕ್ಯಾಪ್ಚಾ ಆ ಕೊರಗಿನ ಕೂಸು. ಹಳೆಯ ಪತ್ರಿಕೆ, ಪುಸ್ತಕಗಳಲ್ಲಿ ಯಂತ್ರಕ್ಕೆ ಓದಲಾಗದೆ ಉಳಿದ ಪದಗಳನ್ನು ಪೆಟ್ಟಿಗೆಗೆ ಹಾಕಿದರು. ಜನ ಅವನ್ನು ಓದಿ ಕೊಟ್ಟರು. 2009ರಲ್ಲಿ ಗೂಗಲ್ ಇದನ್ನು ಕೊಂಡಿತು. ಆಮೇಲೆ ಮನೆ ಸಂಖ್ಯೆಗಳು ಬಂದವು, ಆಮೇಲೆ ಚಿತ್ರಗಳು: ಅಮೆರಿಕದ ಬೀದಿಬದಿಯಲ್ಲಿ ಬೆಂಕಿ ಆರಿಸುವ ನೀರಿಗೆಂದು ನೆಟ್ಟಿರುವ ಗಿಡ್ಡ ಕಂಬ, ಅಲ್ಲಿನ ಹಳದಿ ಶಾಲಾ ಬಸ್ಸು. ಹನೂರಿನಲ್ಲಿ, ಯಳಂದೂರಿನಲ್ಲಿ ಅಂಥ ಕಂಬವನ್ನು ಯಾರು ಕಂಡಿದ್ದಾರೆ? 2014ರ ಕೊನೆಗೆ ಬರೀ ಒಂದು ಚೌಕವೂ ಬಂತು. ಅದರಲ್ಲಿ ಗುರುತು ಹಾಕುವುದು ನೆಪ. ನಾವು ಮೌಸ್ ಆಡಿಸುವ ಬಗೆ, ಬ್ರೌಸರ್‌ನಲ್ಲಿ ಉಳಿದ ಜಾಡು, ಇವನ್ನು ಹಿಂದಿನಿಂದ ಅಳೆಯುತ್ತಾರೆ.

ಬಾಟ್ ನಡೆಸುವವರು ಸುಮ್ಮನೆ ಕೂರಲಿಲ್ಲ. ಯಂತ್ರಕ್ಕಾಗದಿದ್ದರೆ ಮನುಷ್ಯರನ್ನೇ ಕೂಲಿಗೆ ಹಿಡಿದರು. 2010ರ ಹೊತ್ತಿಗೆ ಭಾರತ, ಬಾಂಗ್ಲಾದೇಶ, ಚೀನಾದಲ್ಲಿ ಸಾವಿರ ಕ್ಯಾಪ್ಚಾ ಬಿಡಿಸಿದರೆ ಸುಮಾರು ಒಂದು ಡಾಲರ್ ಸಿಗುತ್ತಿತ್ತು. ‘ಮನೆಯಲ್ಲೇ ಕೂತು ಕ್ಯಾಪ್ಚಾ ಟೈಪಿಂಗ್’ ಎಂಬ ಜಾಹೀರಾತು ನೆನಪಿರಬಹುದು. ಬಾಟ್‌ಗಳು ಮನುಷ್ಯರ ವೇಷದಲ್ಲಿ ಒಳನುಗ್ಗಲಿ ಎಂದು ಬಡವರು ಬೆರಳು ಸವೆಸಿದರು. ಈ ಕಥೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಇದೇ.

ಈಗ ಆ ಕೂಲಿಯೂ ಬೇಕಿಲ್ಲ. ಕ್ಯಾಪ್ಚಾ ಬಿಡಿಸುವುದರಲ್ಲಿ ಬಾಟ್‌ಗಳು ಜನರಿಗಿಂತ ಚುರುಕು ಎಂದು ಕ್ಯಾಲಿಫೋರ್ನಿಯದ ಅರ್ವೈನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ತೋರಿಸಿದರು. ಮರುವರ್ಷ ಜ್ಯೂರಿಕ್‌ನ ಸಂಶೋಧಕರು ಗೂಗಲ್‌ನ ಚಿತ್ರಪರೀಕ್ಷೆಯನ್ನು ನೂರಕ್ಕೆ ನೂರು ಬಿಡಿಸಿದರು. ಪರೀಕ್ಷೆ ಅಳೆಯುವುದು ಕೈಲಾಗುವುದನ್ನು. ಮನುಷ್ಯರ ಕೈಲಾಗುವುದು ಯಂತ್ರಕ್ಕೂ ಕೈಲಾದ ಮೇಲೆ ಅಳೆಯಲು ಉಳಿಯುವುದೇನು? ಮಧುವನಹಳ್ಳಿಯಂಥ ಊರಿನಲ್ಲಿ ಹೊಸಬರು ಕಂಡರೆ ಯಾರೂ ಲೆಕ್ಕ ಬಿಡಿಸಲು ಹೇಳುವುದಿಲ್ಲ. ‘ಯಾವೂರಾಯ್ತು? ಯಾರ ಪೈಕಿ?’ ಎನ್ನುತ್ತಾರೆ.

ವಿಕಿಪೀಡಿಯದವರು ಒಳಗೆ ಪಾಲಿಸಿಕೊಂಡು ಬಂದದ್ದೂ ಬಹುಮಟ್ಟಿಗೆ ಇದನ್ನೇ. 2002ರಲ್ಲಿ ರ‍್ಯಾಮ್‌ಬಾಟ್ ಎಂಬ ಬಾಟ್ ಜನಗಣತಿಯ ಅಂಕಿಗಳಿಂದ ಅಮೆರಿಕದ ಸುಮಾರು 30,000 ಊರುಗಳಿಗೆ ಪುಟ ಬರೆದು ಗದ್ದಲವೆಬ್ಬಿಸಿತು. ಕ್ರಮೇಣ ಒಂದು ಕಟ್ಟುಪಾಡು ನಿಂತಿತು. ಬಾಟ್ ಬೇರೆ ಖಾತೆಯಲ್ಲೇ ಕೆಲಸ ಮಾಡಬೇಕು, ತಾನು ಬಾಟ್ ಎಂದು ಹೇಳಿಕೊಳ್ಳಬೇಕು, ಅದರ ಹೊಣೆ ಹೊರುವ ಮನುಷ್ಯ ಯಾರೆಂಬುದು ತಿಳಿದಿರಬೇಕು, ಸಮುದಾಯ ಒಪ್ಪಬೇಕು. ಕನ್ನಡ ಪುಟಗಳನ್ನು ಬೇರೆ ಭಾಷೆಯ ಪುಟಗಳಿಗೆ ಜೋಡಿಸುವ ಬೇಸರದ ಕೆಲಸವನ್ನು, 2013ರಲ್ಲಿ ವಿಕಿಡೇಟಾ ಎಂಬ ಸೋದರ ಯೋಜನೆ ವಹಿಸಿಕೊಳ್ಳುವವರೆಗೂ, ಹೀಗೆ ಗುರುತು ಹೊತ್ತ ಬಾಟ್‌ಗಳೇ ಮಾಡುತ್ತಿದ್ದವು. ಹೊರೆ ಬಿದ್ದದ್ದು ಯಂತ್ರದ ಮೇಲೆ; ಅದು ಸರಿಯಾದ ಜಾಗ ಎಂದು ನಾನು ನಂಬುತ್ತೇನೆ.

ಹೊರಗಿನ ಗಾಳಿ ಬೇರೆ ಕಡೆ ಬೀಸುತ್ತಿದೆ. ತತ್ಕಾಲ್ ಟಿಕೆಟ್ ತೆರೆದ ಮೊದಲ ಐದು ನಿಮಿಷ ಬಾಟ್‌ಗಳ ಹಾವಳಿ ಎಂದು ರೈಲ್ವೆ 2.5 ಕೋಟಿ ಖಾತೆಗಳನ್ನು ನಿಷ್ಕ್ರಿಯಗೊಳಿಸಿತು. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ. ಟಿಕೆಟ್ಟಿಗೆ ಅದು ಸರಿಯಿರಬಹುದು. ಜನ ಕೂಡಿ ಮಾತಾಡುವ ಜಾಗಗಳಿಗೂ ಅದೇ ಪದ್ಧತಿ ಬಂದರೆ, ಊರಿನ ನೀರು ಮೂರು ದಿನದಿಂದ ಬಂದಿಲ್ಲವೆಂದು ಬೇರೆ ಹೆಸರಿನಲ್ಲಿ ಬರೆಯುವ ಹೆಣ್ಣುಮಗಳು ಅಲ್ಲಿ ಬಾಯಿ ತೆರೆಯಲಾರಳು.